ಘಾಟ್‌ಕೋಪರ್ ಯಾರದು, ಮುಲುಂಡ್ ಯಾರದು?

ಮುಂಬಯಿಯ ಲೋಕಲ್ ರೈಲು, ಸಂಜೆಯ ಕಲ್ಯಾಣ್ ಫಾಸ್ಟ್. ದಾದರಿನಲ್ಲಿ ಹೇಗೋ ನುಗ್ಗಿ, ಎರಡು ಸೀಟುಗಳ ನಡುವಿನ ಸಂದಿಗೆ ತೂರಿಕೊಂಡ ಮೇಲೆ ಎಲ್ಲರೂ ಮಾಡುವ ಮೊದಲ ಕೆಲಸ ಒಂದೇ: ಕೂತವರನ್ನು ಒಬ್ಬೊಬ್ಬರಾಗಿ ‘ಕಹಾಂ ಉತರೇಂಗೆ?’ ಎಂದು, ಅಂದರೆ ಎಲ್ಲಿ ಇಳಿಯುತ್ತೀರೆಂದು, ವಿಚಾರಿಸುವುದು. ಕಿಟಕಿಯವರು ಠಾಣೆ. ನಡುವಿನವರು ಘಾಟ್‌ಕೋಪರ್. ಎದುರಿನ ಕನ್ನಡಕದವರು ಮುಲುಂಡ್. ಮೂವರ ಸೀಟಿಗೆ ನಾಲ್ಕನೆಯವರಾಗಿ ಫೋರ್ತ್ ಸೀಟಿನಲ್ಲಿ ಅರ್ಧ ತೊಡೆ ಊರಿ ಕೂತವರು ಡೊಂಬಿವಲಿ. ಅದು ಠಾಣೆಯನ್ನೂ ದಾಟಿದ ಮೇಲೆ, ಅವರ ಸೀಟಿನ ಆಸೆ ಬಿಡಿ. ಇಷ್ಟು ನೆನಪಿಟ್ಟುಕೊಂಡರೆ ಕಾಲು ಗಂಟೆಯಲ್ಲಿ ಸೀಟು ಗ್ಯಾರಂಟಿ. ಆದರೆ ಘಾಟ್‌ಕೋಪರ್ ಬಂದಾಗ ನಾವು ಕನ್ನಡಕದವರ ಮುಂದೆ ನಿಂತು ಆಸೆಗಣ್ಣು ಬಿಡುತ್ತಿರುತ್ತೇವೆ, ಬೆನ್ನ ಹಿಂದೆ ನಡುವಿನ ಸೀಟು ಬೇರೆಯವರ ಪಾಲಾಗಿರುತ್ತದೆ. ನಿನ್ನೆಯೂ ಆದದ್ದು ಇದೇ.

ಮೈ ಉರಿಯುತ್ತದೆ. ಬೈಯೋಣವೆಂದರೆ ಈ ಒಂದು ವಿಷಯದಲ್ಲಿ ರೈಲ್ವೆಯದ್ದೇನೂ ತಪ್ಪಿಲ್ಲ, ತಪ್ಪೆಲ್ಲ ಹಣೆಯ ಹಿಂದಿನ ಮಿದುಳಿನದು. ಕೋತಿಗಳಿಗೆ ಇದೇ ಪರೀಕ್ಷೆ ಕೊಡುತ್ತ ವಿಜ್ಞಾನಿಗಳು ಒಂದು ಶತಮಾನವನ್ನೇ ಕಳೆಯುತ್ತ ಬಂದಿದ್ದಾರೆ. ಕಣ್ಣೆದುರೇ ಒಂದು ಬಟ್ಟಲ ಕೆಳಗೆ ತಿಂಡಿ ಇಡುವುದು, ಪರದೆ ಇಳಿಸುವುದು, ಸ್ವಲ್ಪ ಕಾಯಿಸಿ ‘ಯಾವ ಬಟ್ಟಲು?’ ಎಂದು ಕೇಳುವುದು. ಮಿದುಳಿನ ಮುಂಭಾಗಕ್ಕೆ ಪೆಟ್ಟಾದ ಕೋತಿ ಕೆಲವೇ ಸೆಕೆಂಡಿನಲ್ಲಿ ತಬ್ಬಿಬ್ಬಾಗುತ್ತದೆ ಎಂದು ಜೇಕಬ್‌ಸನ್ 1930ರ ದಶಕದಲ್ಲೇ ತೋರಿಸಿದ್ದರು. 1971ರಲ್ಲಿ ಫುಸ್ಟರ್ ಮತ್ತು ಅಲೆಕ್ಸಾಂಡರ್ ಕೋತಿಯ ಹಣೆಯ ಹಿಂದಿನ ಈ ಮಿದುಳಿನ, ಅಂದರೆ ಪ್ರೀಫ್ರಂಟಲ್ ಕಾರ್ಟೆಕ್ಸಿನ, ನರಕೋಶಗಳಿಗೆ ಎಲೆಕ್ಟ್ರೋಡ್ ಇಟ್ಟು ನೋಡಿದರು. ಪರದೆ ಬಿದ್ದು ಕಣ್ಣಿಗೇನೂ ಕಾಣದಿದ್ದರೂ ಕೆಲವು ಕೋಶಗಳು ಮಿಡಿಯುತ್ತಲೇ ಇದ್ದವು. 1989ರಲ್ಲಿ ಫುನಹಾಶಿ, ಬ್ರೂಸ್ ಮತ್ತು ಗೋಲ್ಡ್‌ಮನ್-ರಾಕಿಚ್ ಇನ್ನಷ್ಟು ಕರಾರುವಾಕ್ಕಾಗಿ ಅಳೆದರು. ಎಂಟು ಜಾಗಗಳಲ್ಲಿ ಎಲ್ಲೋ ಒಂದು ಕಡೆ ಚುಕ್ಕಿ ಮಿನುಗಿ ಮಾಯವಾಗುತ್ತದೆ. ಕೋತಿ ಕೆಲವು ಸೆಕೆಂಡು ನೇರ ನೋಡುತ್ತಿದ್ದು, ಆಮೇಲೆ ಆ ಜಾಗಕ್ಕೆ ಕಣ್ಣು ಹೊರಳಿಸಬೇಕು. ಒಂದೊಂದು ಕೋಶಕ್ಕೆ ಒಂದೊಂದು ದಿಕ್ಕು ಪಾಲಿಗೆ ಬಂದಿತ್ತು. ಆ ಕೋಶ ನಡುವೆ ಸೋತು ಸುಮ್ಮನಾದರೆ ಕೋತಿ ತಪ್ಪು ಮಾಡುತ್ತಿತ್ತು.

ಕೋತಿಗೆ ಕಾಯಬೇಕಾದದ್ದು ಕೆಲವು ಸೆಕೆಂಡು, ನೆನಪಿಡಬೇಕಾದದ್ದು ಒಂದು ಚುಕ್ಕಿ. ನಮಗೆ ಕಾಲು ಗಂಟೆ, ನಾಲ್ಕು ಜನ, ನಾಲ್ಕು ಸ್ಟೇಷನ್. ಕಣ್ಣಿಗೆ ಕಂಡದ್ದನ್ನು ಹಿಡಿದಿಟ್ಟುಕೊಳ್ಳುವ ಈ ನೆನಪಿನ ಮಿತಿ ಸುಮಾರು ನಾಲ್ಕು ಎಂದು ಲಕ್ ಮತ್ತು ವೋಗಲ್ 1997ರಲ್ಲಿ ಬಣ್ಣದ ಚೌಕಗಳನ್ನು ತೋರಿಸಿ ಹೇಳಿದ್ದಾರೆ. ಅಂದರೆ ನಮ್ಮ ತಲೆ ಆಗಲೇ ಹೌಸ್‌ಫುಲ್. ತುಂಬಿದ ಮೇಲೆ ಆಗುವ ಅನಾಹುತ ಮರೆವೊಂದೇ ಅಲ್ಲ, ಅದಲು ಬದಲೂ ಹೌದು. ‘ಘಾಟ್‌ಕೋಪರ್’ ಎಂಬುದೂ ನೆನಪಿದೆ, ‘ನೀಲಿ ಶರ್ಟು’ ಎಂಬುದೂ ನೆನಪಿದೆ, ಆದರೆ ಒಂದರ ಗಂಟು ಇನ್ನೊಂದಕ್ಕೆ ಬಿದ್ದಿರುತ್ತದೆ. ಆಫೀಸಿನಿಂದ ಬರುವವರೆಲ್ಲ ನೀಲಿ ಶರ್ಟೇ ಹಾಕುವುದರಿಂದ ಗಂಟು ಇನ್ನೂ ಸಲೀಸಾಗಿ ತಪ್ಪುತ್ತದೆ. ಹಾಗಾಗಿ ಶರ್ಟು ನೋಡಬೇಡಿ, ಜಾಗ ಹಿಡಿಯಿರಿ. ಕೇಳಿದ ಕ್ರಮದಲ್ಲಲ್ಲ, ಇಳಿಯುವ ಕ್ರಮದಲ್ಲಿ ಜೋಡಿಸಿಕೊಳ್ಳಿ. ಕುರ್ಲಾ, ಘಾಟ್‌ಕೋಪರ್, ಮುಲುಂಡ್, ಠಾಣೆ ಎಂಬ ಸಾಲು ಹೇಗೂ ಬಾಯಿಪಾಠ, ಅದಕ್ಕೆ ಹೊಸ ಜಾಗ ಬೇಕಿಲ್ಲ.

ಮುಂದಿನದು ನಾಟಕ. ಸೀಟನ್ನೇ ದಿಟ್ಟಿಸಿದರೆ ಪಕ್ಕದವರು ಎಚ್ಚರಾಗುತ್ತಾರೆ, ಅದಕ್ಕೇ ಕಣ್ಣು ಮೇಲಿನ ಜಾಹೀರಾತಿನ ಮೇಲೆ, ಗಮನ ಮಾತ್ರ ಕೆಳಗೆ. ಇದು ಸಾಧ್ಯವೇ ಎಂದರೆ ಸಾಧ್ಯ. ಕೋತಿಯ ಮಿದುಳಿನಲ್ಲಿ ಕಣ್ಣನ್ನು ಎತ್ತ ಹೊರಳಿಸಬೇಕೆಂದು ಗೊತ್ತುಮಾಡುವ ಫ್ರಂಟಲ್ ಐ ಫೀಲ್ಡ್ ಎಂಬ ಭಾಗಕ್ಕೆ, ಕಣ್ಣು ಕದಲದಷ್ಟೇ ಕಡಿಮೆ ಕರೆಂಟು ಕೊಟ್ಟಾಗ, ದೃಶ್ಯ ಗ್ರಹಿಸುವ ವಿ4 ಭಾಗದ ಕೋಶಗಳು ಆ ಜಾಗದ ಬಗ್ಗೆ ಚುರುಕಾದವು (ಮೂರ್ ಮತ್ತು ಆರ್ಮ್‌ಸ್ಟ್ರಾಂಗ್, 2003). ನೋಡದೆ ನೋಡುವುದಕ್ಕೆ ಇದಕ್ಕಿಂತ ಪುರಾವೆ ಬೇಡ. ಆದರೆ ನಿಚ್ಚಳವಾಗಿ ಕಾಣುವುದು ಚಾಚಿದ ಕೈಯ ಹೆಬ್ಬೆರಳ ಉಗುರಿನಷ್ಟು ಅಗಲ ಮಾತ್ರ, ಉಳಿದದ್ದೆಲ್ಲ ಮಸುಕು. ಆ ಮಸುಕಿನಲ್ಲಿ ಏನನ್ನು ಕಾಯಬೇಕು? ಬ್ಯಾಗಿನ ಜಿಪ್ಪನ್ನು ನಂಬಬೇಡಿ, ನೀರಿನ ಬಾಟಲಿಗೂ ಎಳೆಯುತ್ತಾರೆ. ಎದ್ದು ನಿಂತರೂ ನಂಬಬೇಡಿ. ಮೇಲಿನ ರ‍್ಯಾಕಿನಿಂದ ಛತ್ರಿ ತೆಗೆದು ಮತ್ತೆ ಧೊಪ್ಪನೆ ಕೂರುವ ಮಹನೀಯರಿದ್ದಾರೆ. ಅಷ್ಟರಲ್ಲಿ ಮೂರು ಜನರ ಸೊಂಟ ಅತ್ತ ಬಾಗಿ, ನಾಚಿಕೊಂಡು ವಾಪಸಾಗಿರುತ್ತದೆ. ನಂಬಬೇಕಾದದ್ದು ಪಾದವನ್ನು. ಕಳಚಿಟ್ಟ ಚಪ್ಪಲಿಯನ್ನು ಹೆಬ್ಬೆರಳು ಸೀಟಿನಡಿ ತಡಕಾಡತೊಡಗಿತೆಂದರೆ ಸ್ಟೇಷನ್ ಬಂತೆಂದೇ ಲೆಕ್ಕ. ಅದೇ ಹೊತ್ತಿಗೆ ಪಕ್ಕದವರ ಫೋನಿನಲ್ಲಿ ರೀಲ್ ಕುಣಿಯುತ್ತದೆ. ಥಟ್ಟನೆ ಅಲುಗಿದ್ದರ ಕಡೆ ಕಣ್ಣನ್ನು ಎಳೆಯುವ ಸುಪೀರಿಯರ್ ಕಾಲಿಕ್ಯುಲಸ್ ಎಂಬ ಮಿದುಳಿನ ಭಾಗ ನಮ್ಮ ಅಪ್ಪಣೆ ಕೇಳುವುದಿಲ್ಲ. ಪಾದ ಕಣ್ತಪ್ಪಿತು.

ಹಿಂದೆ ಇಷ್ಟು ಕಷ್ಟವಿರಲಿಲ್ಲ. ಅದೇ ಗಾಡಿ, ಅದೇ ಡಬ್ಬ, ಅದೇ ಮುಖಗಳು. ಯಾರು ಎಲ್ಲಿ ಇಳಿಯುತ್ತಾರೆಂಬುದು ಎಂದೋ ಕಾಯಂ ನೆನಪಿಗೆ ಇಳಿದಿತ್ತು. ಅವರೆಲ್ಲ ಒಬ್ಬೊಬ್ಬರಾಗಿ ರಿಟೈರಾಗಿ ಊರಿಗೆ ಹೋದರು. ಅವರ ಸ್ಟೇಷನ್ನುಗಳು ಈಗಲೂ ನೆನಪಿವೆ, ಅದರಿಂದ ಸೀಟು ಸಿಗುವುದಿಲ್ಲ, ಅಷ್ಟೇ.

ಇವೆಲ್ಲವನ್ನೂ ಸಹಿಸಬಹುದು. ಸಹಿಸಲಾಗದವರು ನಮ್ಮವರು. ಮನೆಗೆ ಫೋನ್ ಮಾಡಿ ‘ದಾದರ್ ಬಿಟ್ಟೆ, ಅನ್ನಕ್ಕಿಡು’ ಎಂದರೆ ಸಾಕು, ಭುಜದ ಮೇಲಿಂದ ಒಂದು ದನಿ ಬರುತ್ತದೆ. “ಓಹೋ, ಕನ್ನಡದವರಾ! ಊರಲ್ಲಿ ಎಲ್ಲಾಯ್ತು ಮಾರಾಯ್ರೇ?” ಕುಂದಾಪುರ. “ಕುಂದಾಪುರದಲ್ಲಿ ಎಲ್ಲಿ?” ಬಸ್ರೂರು. “ಬಸ್ರೂರಲ್ಲಿ ಯಾರ ಮನೆ?” ಜಾಗವನ್ನು ಕಣ್ಣಿನ ನೆನಪು ಕಾಯುತ್ತದೆ, ಸ್ಟೇಷನ್ನಿನ ಹೆಸರನ್ನು ಮನಸ್ಸಿನೊಳಗೇ ಗುನುಗುವ ದನಿ ಕಾಯುತ್ತದೆ, ಬ್ಯಾಡ್‌ಲಿ ಮತ್ತು ಹಿಚ್ 1974ರಿಂದಲೂ ಇದನ್ನೇ ಹೇಳಿದ್ದಾರೆ. ಉತ್ತರ ಕೊಡಲು ಬೇಕಾದದ್ದೂ ಅದೇ ದನಿ. ಹಾಗಾಗಿ ಮೂರನೆಯ ಪ್ರಶ್ನೆಯ ಹೊತ್ತಿಗೆ ಸೀಟುಗಳು ಉಳಿದಿರುತ್ತವೆ, ಸ್ಟೇಷನ್ನುಗಳು ಹಾರಿಹೋಗಿರುತ್ತವೆ. ಮೇಲಿಂದ ಕುರ್ಲಾದ ಗದ್ದಲ. ಜೋರು ಸದ್ದಿನಲ್ಲಿ ಡೋಪಮಿನ್ ಎಂಬ ಮಿದುಳಿನ ರಾಸಾಯನಿಕ ಹೆಚ್ಚಾಗಿ ಕೋತಿಗಳೂ ಈ ಪರೀಕ್ಷೆಯಲ್ಲಿ ಎಡವಿದ್ದವು. ಆರ್ನ್‌ಸ್ಟನ್ ಮತ್ತು ಗೋಲ್ಡ್‌ಮನ್-ರಾಕಿಚ್ 1998ರಲ್ಲಿ ತೋರಿಸಿದ್ದಾರೆ. ಆ ಕೋತಿಗಳನ್ನಾದರೂ ಯಾರೂ ‘ಯಾರ ಮನೆ’ ಎಂದು ಕೇಳಿರಲಿಲ್ಲ.

ಹೀಗೆ ಮಾತಿಗೆಳೆಯುವ ಇವರ ಮಿದುಳು ಮಾತ್ರ ಕೆಡುವುದಿಲ್ಲವೇ? ಕೆಡಲು ಅವರು ಏನನ್ನಾದರೂ ನೆನಪಿಟ್ಟುಕೊಂಡಿರಬೇಕಲ್ಲ. ಘಾಟ್‌ಕೋಪರಿನವರನ್ನು ಕೇಳಿದ ಕೂಡಲೇ ಅವರ ಮೊಣಕಾಲಿಗೆ ತನ್ನ ಮೊಣಕಾಲು ತಾಗಿಸಿ ನಿಂತುಬಿಡುತ್ತಾರೆ. ನೆನಪಿನ ಕೆಲಸವೆಲ್ಲ ಮೊಣಕಾಲಿನದು, ಬಾಯಿ ಆರಾಮವಾಗಿ ಬಸ್ರೂರು ಸುತ್ತುತ್ತದೆ. ಮೊಣಕಾಲಿನ ಎದುರಿನ ಮೊಣಕಾಲು ಮೇಲೇಳುತ್ತದೆ, ಇವರು ಕೂರುತ್ತಾರೆ, ಬ್ಯಾಗು ತೊಡೆಯ ಮೇಲಿಟ್ಟು ತಲೆ ಎತ್ತಿ ನೋಡುತ್ತಾರೆ.

“ಹ್ಞಾ, ಬಸ್ರೂರಲ್ಲಿ ಯಾರ ಮನೆ ಅಂದ್ರಿ?”