ಅರ್ಕಾವತಿಗೆ ಸಿಯಾಟಲಿನಿಂದ ತರಬಹುದಾದದ್ದು

ಸಿಯಾಟಲಿಗೆ ಬಂದ ಹೊಸದರಲ್ಲಿ, ನಾವು ಕುಡಿಯುವ ನೀರಿನ ಮೂಲ ನೋಡೋಣವೆಂದು ಸೀಡರ್ ನದಿಯ ಕಡೆ ಹೊರಟವನು ಬೀಗ ಹಾಕಿದ ಗೇಟಿನಿಂದಲೇ ಹಿಂದಿರುಗಬೇಕಾಯಿತು. ಗೇಟಿನಾಚೆಯ 90,000 ಎಕರೆಗೂ ಮಿಕ್ಕಿದ ಕಾಡು ನಗರಾಡಳಿತದ ಸ್ವಂತ ಆಸ್ತಿ; ಅಲ್ಲಿಗೆ ಸಾರ್ವಜನಿಕರಿಗೆ ಪ್ರವೇಶವಿಲ್ಲ. 1889ರ ದೊಡ್ಡ ಬೆಂಕಿಯಲ್ಲಿ ಊರಿನ ವ್ಯಾಪಾರ ಕೇಂದ್ರವೇ ಸುಟ್ಟುಹೋದ ಮೇಲೆ ಜನ ಮತ ಹಾಕಿ ನಗರದ್ದೇ ನೀರಿನ ವ್ಯವಸ್ಥೆ ಬೇಕೆಂದರು, 1901ರಲ್ಲಿ ಸೀಡರ್ ನೀರು ಬಂತು. ಇಂದಿಗೂ ಆ ನೀರನ್ನು ಸೋಸುವುದಿಲ್ಲ. ಸೋಸುವ ಕೆಲಸವನ್ನು ಕಾಡೇ ಮಾಡಿರುತ್ತದೆಯಾದ್ದರಿಂದ ರೋಗಾಣು ನಾಶಪಡಿಸಿ ನಲ್ಲಿಗೆ ಬಿಟ್ಟರೆ ಸಾಕು. ಒಡ್ಡಿನಿಂದ ಒಂದು ಶತಮಾನ ತಡೆದಿದ್ದ ಸಾಲ್ಮನ್ ಮೀನುಗಳಿಗೂ 2003ರಲ್ಲಿ ಮೇಲೇರುವ ದಾರಿ ಮಾಡಿಕೊಟ್ಟರು.

ಹೆಚ್ಚುಕಡಿಮೆ ಅದೇ ಕಾಲದಲ್ಲಿ, 1890ರ ದಶಕದಲ್ಲಿ, ಬೆಂಗಳೂರಿಗೆ ಹೆಸರಘಟ್ಟದಿಂದ ಅರ್ಕಾವತಿಯ ನೀರು ಬಂದಿತ್ತು. 1933ರಲ್ಲಿ ಅದೇ ನದಿಯ ತಿಪ್ಪಗೊಂಡನಹಳ್ಳಿ ಜಲಾಶಯವೂ ಸೇರಿತು. ಈಗ ಅರ್ಕಾವತಿಯನ್ನು ಬಿಟ್ಟು ಸುಮಾರು 100 ಕಿಲೋಮೀಟರ್ ದೂರದ ಕಾವೇರಿಯನ್ನು ಅರ್ಧ ಕಿಲೋಮೀಟರಿನಷ್ಟು ಮೇಲಕ್ಕೆತ್ತಿ ತರುತ್ತೇವೆ.

ಹಾಗೆಂದು ಸಿಯಾಟಲಿನ ಬೇಲಿಯನ್ನು ಅರ್ಕಾವತಿಗೆ ಹಾಕಿ ಎನ್ನುವುದು ಹುಚ್ಚುತನವಾದೀತು. ತಿಪ್ಪಗೊಂಡನಹಳ್ಳಿಯ ಜಲಾನಯನ ಪ್ರದೇಶ ಸೀಡರಿನದಕ್ಕಿಂತ ಸುಮಾರು ನಾಲ್ಕು ಪಟ್ಟು ದೊಡ್ಡದು, ಅದರ ತುಂಬ ಹಳ್ಳಿಗಳಿವೆ. ಸೀಡರಿನಲ್ಲೂ ಟೇಲರ್ ಎಂಬ ಊರನ್ನು ಎಬ್ಬಿಸಿಯೇ ಆ ನಿರ್ಜನತೆ ದಕ್ಕಿದ್ದು.

ನನಗೆ ಅನುಕರಣೀಯವೆನಿಸುವುದು ಬೇರೊಂದು ಕ್ರಮ. ಸಿಯಾಟಲ್ ಸೇರಿದ ಕಿಂಗ್ ಕೌಂಟಿಯ ಜನಸಂಖ್ಯೆ 1990ರಲ್ಲಿ 15 ಲಕ್ಷವಿದ್ದದ್ದು 2020ಕ್ಕೆ 22 ಲಕ್ಷ ದಾಟಿತು. ಅಷ್ಟು ಜನಕ್ಕೆ ಮನೆ ಬೇಕೇ ಬೇಕು. ಅಲ್ಲಿ ಕಾಡಿನ ಅಥವಾ ಹೊಲದ ಒಡೆಯ ತನ್ನ ಭೂಮಿಯನ್ನು ಉಳಿಸಿಕೊಂಡು, ಅದರಲ್ಲಿ ಮನೆ ಕಟ್ಟುವ ಹಕ್ಕನ್ನು ಮಾತ್ರ ಮಾರಬಹುದು. ಕೊಂಡ ಬಿಲ್ಡರ್ ನಗರದೊಳಗೆ ಹೆಚ್ಚುವರಿ ಮಹಡಿ ಏರಿಸುತ್ತಾನೆ. 2004ರಲ್ಲಿ ಕೌಂಟಿಯೇ ಸ್ನೊಕ್ವಾಲ್ಮಿ ಕಾಡಿನ ಸುಮಾರು 90,000 ಎಕರೆಯ ಇಂಥ ಹಕ್ಕನ್ನು ಕೊಂಡುಕೊಂಡಿತು.

ಕಟ್ಟುವ ಹಕ್ಕಿನ ಇಂಥ ವರ್ಗಾವಣೆ, ಅಂದರೆ ಟಿಡಿಆರ್, ನಮ್ಮಲ್ಲೂ ಇದೆ. ಆದರೆ ಬೆಂಗಳೂರಿನಲ್ಲಿ ಅದು ಮುಖ್ಯವಾಗಿ ರಸ್ತೆ ಅಗಲೀಕರಣಕ್ಕೆ ಜಾಗ ಬಿಟ್ಟವರಿಗೆ ಸಿಗುವ ಪತ್ರ. ಹೊಲವನ್ನು ಹೊಲವಾಗಿಯೇ ಉಳಿಸಿದವನಿಗೆ ಸಿಗುವುದಲ್ಲ. ತಿಪ್ಪಗೊಂಡನಹಳ್ಳಿಯ ಸುತ್ತ ಕಟ್ಟಡಗಳಿಗೆ 2003ರಲ್ಲಿ ನಿರ್ಬಂಧ ಬಂತು, ಪರಿಹಾರದ ದಾರಿ ಬರಲಿಲ್ಲ. ಪಕ್ಕದೂರಿನವನು ಸೈಟು ಮಾಡಿ ಮಾರುತ್ತಿರುವಾಗ ತಾನು ಮಾತ್ರ ನಗರದ ನೀರಿಗಾಗಿ ರಾಗಿ ಬೆಳೆಯುತ್ತಿರಬೇಕೆಂದರೆ ರೈತ ಒಪ್ಪುವುದಾದರೂ ಹೇಗೆ? ಅಂಥ ನಿರ್ಬಂಧ ಇಂದಲ್ಲ ನಾಳೆ ಸಡಿಲವಾಗುತ್ತದೆ. ಬನ್ನೇರುಘಟ್ಟದ ಪರಿಸರ ಸೂಕ್ಷ್ಮ ವಲಯವನ್ನೇ ನೋಡಿ: ಕರಡಿನಲ್ಲಿ ಸುಮಾರು 269 ಚದರ ಕಿಲೋಮೀಟರ್ ಇದ್ದದ್ದು 2020ರ ಅಂತಿಮ ಅಧಿಸೂಚನೆಯಲ್ಲಿ 169ಕ್ಕೆ ಇಳಿಯಿತು.

ಅರ್ಕಾವತಿಯ ಜಲಾನಯನದಲ್ಲಿರುವ ದೊಡ್ಡಬಳ್ಳಾಪುರದ ರೈತನ ಕಟ್ಟುವ ಹಕ್ಕನ್ನು ಮೆಟ್ರೊ ಮಾರ್ಗದ ಬದಿಯ ಬಿಲ್ಡರ್ ಕೊಳ್ಳುವಂತೆ ಮಾಡುವುದು ಕಾನೂನಿನ ಮಟ್ಟಿಗೆ ಅಂಥ ದೊಡ್ಡ ಜಿಗಿತವಲ್ಲ. ಒಂದು ಷರತ್ತು ಮಾತ್ರ ಇದೆ: ಸರ್ಕಾರವೇ ಅಗ್ಗದ ಶುಲ್ಕ ಪಡೆದು ಹೆಚ್ಚುವರಿ ಮಹಡಿಗೆ ಅನುಮತಿ ಮಾರಲು ಕೂತರೆ, ರೈತನ ಪತ್ರವನ್ನು ಕೊಳ್ಳುವವರು ಯಾರೂ ಇರುವುದಿಲ್ಲ.