ಪೈಲಟ್ ಸಾಹೇಬರ ಶವಾಸನ

ನಮ್ಮಲ್ಲಿ ನೆಲದ ಮೇಲೆ ಓಡಾಡುವ ಪೈಲಟ್‌ಗಳೂ ಇದ್ದಾರೆ. 2008ರ ರಾಜ್ಯೋತ್ಸವದ ದಿನ ಶುರುವಾದ 108 ಆಂಬುಲೆನ್ಸ್‌ನಲ್ಲಿ ಡ್ರೈವರ್ ಅನ್ನುವ ಹಾಗಿಲ್ಲ, ಪೈಲಟ್ ಅನ್ನಬೇಕು. ಹಿಂದೆ ರೋಗಿಯ ಪಕ್ಕ ಕೂತು ತುರ್ತು ಚಿಕಿತ್ಸೆ ಕೊಡುವವರು ಇಎಂಟಿ, ಅಂದರೆ ಎಮರ್ಜೆನ್ಸಿ ಮೆಡಿಕಲ್ ಟೆಕ್ನೀಷಿಯನ್. ಹೆಸರಿಡುವಾಗ ಯಾರೂ ಜಿಪುಣತನ ಮಾಡಿಲ್ಲ.

ಆಕಾಶದ ಪೈಲಟ್ ನಿದ್ದೆಗೆಟ್ಟರೆ ಅಪಾಯ ಅಂತ ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎ, ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸಿತು. ನೆಲದ ಪೈಲಟ್‌ಗೆ 12 ಗಂಟೆ ಪಾಳಿ. ಬದಲಿ ಆಳು ಬರಲಿಲ್ಲವೋ, ಅದು ಎಲ್ಲಿಗೆ ಮುಗಿಯುತ್ತದೆ ಅಂತ ಕೇಳಬೇಡಿ. ನೆಲಕ್ಕೆ ಹತ್ತಿರ ಇರುವವರಿಗೆ ಸುಸ್ತು ಕಮ್ಮಿ ಇರಬೇಕು.

ಹಾಗಂತ ನಾವೇನು ಉಪಕಾರ ಮರೆತವರಲ್ಲ. 2020ರ ಮಾರ್ಚ್ 22ರ ಸಂಜೆ 5ಕ್ಕೆ ತಟ್ಟೆ ಬಡಿದೆವು. ನಮ್ಮ ಬೀದಿಯ ರಾಯರೊಬ್ಬರು ಭಕ್ತಿ ಜಾಸ್ತಿಯಾಗಿ ಕುಕ್ಕರ್ ಮುಚ್ಚಳವನ್ನೇ ನೆಗ್ಗಿಸಿಕೊಂಡರು. ಮೇ 3ಕ್ಕೆ ಹೆಲಿಕಾಪ್ಟರ್‌ಗಳು ಆಸ್ಪತ್ರೆಗಳ ಮೇಲೆ ಹೂ ಉದುರಿಸಿದವು. ಸಂಬಳ ಮಾತ್ರ ಹಾಗೆಲ್ಲ ಉದುರುವ ವಸ್ತುವಲ್ಲ. ಬಾಕಿ ಕೊಡಿ, ಇಲ್ಲದಿದ್ದರೆ ಗಾಡಿ ನಿಲ್ಲಿಸ್ತೀವಿ ಅಂತ 108ರವರು ಆಗಾಗ ಹೇಳುತ್ತಾರೆ. ಜನರ ಜೀವದ ಜೊತೆ ಚೆಲ್ಲಾಟವೇ ಅಂತ ನಾವು ಸೋಫಾದ ಮೇಲೆ ಕೂತು ಬೈಯುತ್ತೇವೆ.

ಈಗ ಹೂವಿನ ಕಾಲ ಹೋಗಿ ವೆಲ್‌ನೆಸ್ ಕಾಲ ಬಂದಿದೆ. ನಮ್ಮ ಪಕ್ಕದ ಮನೆಯ ಪೈಲಟ್ ರಾತ್ರಿಯೆಲ್ಲ ಓಡಿ, ಬೆಳಿಗ್ಗೆ 8ಕ್ಕೆ ಸ್ಟ್ರೆಚರ್ ಮೇಲಿನ ರಕ್ತ ತೊಳೆದು ನಿಂತಿದ್ದ. ಫೋನ್ ಬಂತು. 9ಕ್ಕೆ ಒತ್ತಡ ನಿರ್ವಹಣೆ ಕಾರ್ಯಾಗಾರ, ಹಾಜರಾತಿ ಕಡ್ಡಾಯ. "ಸಾರ್, ಮಲಗಿ ಎರಡು ದಿನ ಆಯ್ತು" ಅಂದನಂತೆ. "ಅದಕ್ಕೇ ಬಾರಪ್ಪ, ನಿದ್ದೆಯ ಮಹತ್ವದ ಬಗ್ಗೆನೇ ಭಾಷಣ ಇದೆ" ಅಂದರಂತೆ ಆ ಕಡೆಯವರು.

ದೀಪ ಹಚ್ಚಿದ್ದು 10ಕ್ಕೆ, ಅತಿಥಿಗಳು ಬಂದ ಮೇಲೆ. ಅವರಿಗೆ ಶಾಲು, ಹಣ್ಣಿನ ಬುಟ್ಟಿ. ಇವರಿಗೆ ಉಪ್ಪಿಟ್ಟು, ಅದೂ ಆರಿದ್ದು. ರಾತ್ರಿ 8 ಗಂಟೆ ನಿದ್ದೆ ಮಾಡಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ, ಮನೆಯವರ ಜೊತೆ ಕಾಲ ಕಳೆಯಿರಿ ಅಂತ ಅತಿಥಿಗಳು ಹೇಳಿದರು. ಯಾರೂ ನಗಲಿಲ್ಲ. ನಗುವುದಕ್ಕೂ ಸ್ವಲ್ಪ ತ್ರಾಣ ಬೇಕು ಅಲ್ವಾ?

ಆಮೇಲೆ ಶವಾಸನ. ಚಾಪೆಗೆ ಬೆನ್ನು ತಾಕಿದ್ದೇ ತಡ, ನಮ್ಮ ಪೈಲಟ್ ಗೊರಕೆ ಶುರು ಮಾಡಿದ. ಹೇಳಿಕೊಡುತ್ತಿದ್ದ ಮೇಡಂ ಖುಷಿಯಾಗಿ, "ನೋಡಿ, ಇಷ್ಟು ಬೇಗ ಒತ್ತಡ ಬಿಟ್ಟವರನ್ನು ನಾನು ಕಂಡೇ ಇಲ್ಲ" ಅಂದರು. ಫೋಟೊ ತೆಗೆದರು. ವರದಿಯ ಮೊದಲ ಪುಟದಲ್ಲಿ ಅವನದೇ ಚಿತ್ರ, ಕೆಳಗೆ 'ಶಿಬಿರದ ಫಲಾನುಭವಿ'.

ಹಾಜರಿ ಪುಸ್ತಕ ಸುತ್ತಿ ಬಂದಾಗ ಅವನಿನ್ನೂ ಎದ್ದಿರಲಿಲ್ಲ. ಸಹಿ ಇಲ್ಲ ಅಂತ ಅರ್ಧ ದಿನದ ಸಂಬಳ ಹಿಡಿದರು.