ಸೀಟು ಸಿಕ್ಕ ಮೇಲೆ ಮುಂದೇನ್ರಿ?

ಆಕ್ಲೆಂಡ್‌ನಲ್ಲಿ ಮಾವೋರಿ, ಅಂದರೆ ನ್ಯೂಜಿಲೆಂಡಿನ ಮೂಲನಿವಾಸಿ, ಹುಡುಗಿಯೊಬ್ಬಳು ಡಿಗ್ರಿ ತಗೊಳ್ಳುವುದನ್ನು ನೋಡಿದರೆ ಧಾರವಾಡದವರಿಗೆ ಹೊಟ್ಟೆಕಿಚ್ಚಾಗುತ್ತದೆ. ಗರಿಯ ಹೊದಿಕೆ ಹೊದ್ದು ಅವಳು ವೇದಿಕೆ ಹತ್ತಿದರೆ, ಬಂಧು-ಬಳಗ ಎದ್ದು ನಿಂತು ಹಾಕಾ ಎಂಬ ತಮ್ಮ ಗುಂಪು ಕುಣಿತ ಕುಣಿಯುತ್ತದೆ. ವೇದಿಕೆಯ ಮೇಲಿನ ದೊಡ್ಡವರು ಅದು ಮುಗಿಯುವತನಕ ಸುಮ್ಮನೆ ನಿಂತಿರುತ್ತಾರೆ.

ಆ ವೇದಿಕೆತನಕ ಅವಳನ್ನು ತಂದು ಮುಟ್ಟಿಸಿದ ಬಗೆ ನಮ್ಮಲ್ಲಿಲ್ಲ. ಆಕ್ಲೆಂಡ್ ವಿಶ್ವವಿದ್ಯಾಲಯದ ಟುಆಕಾನಾ ಏರ್ಪಾಡಿನಲ್ಲಿ ಮಾವೋರಿ, ಪೆಸಿಫಿಕ್ ದ್ವೀಪಗಳ ಹಿರಿಯ ವಿದ್ಯಾರ್ಥಿಗಳು ಕಿರಿಯರನ್ನು ಸಣ್ಣ ಗುಂಪಾಗಿ ಕೂರಿಸಿಕೊಂಡು ಅಸೈನ್‌ಮೆಂಟಿಗೆ, ಪರೀಕ್ಷೆಗೆ ತಯಾರು ಮಾಡುತ್ತಾರೆ. ವೈದ್ಯಕೀಯಕ್ಕೆ 1972ರಿಂದಲೇ ಮ್ಯಾಪಾಸ್ ಎಂಬ ವಿಶೇಷ ಪ್ರವೇಶವಿದೆ. ಸೀಟಿನ ಬೆನ್ನಿಗೇ ಓದಿನ ನೆರವೂ ಬರುತ್ತದೆ.

ಕಲಘಟಗಿಯ ಸಿದ್ದಿ (ಆಫ್ರಿಕಾ ಮೂಲದ ಸಮುದಾಯ) ಹುಡುಗಿ ಬಿ.ಎ.ಗೆ ಧಾರವಾಡಕ್ಕೆ ಬಂದರೆ ಮೊದಲ ಸೆಮಿಸ್ಟರ್ ಸ್ಕಾಲರ್‌ಶಿಪ್ಪಿನ ಕಾಗದಪತ್ರದಲ್ಲೇ ಕಳೆಯುತ್ತದೆ. ಉತ್ತರ ಕನ್ನಡದ ಸಿದ್ದಿಗಳು 2003ಕ್ಕೇ ಎಸ್‌ಟಿ ಆದರು. ಗಡಿಯ ಈಚೆ ಧಾರವಾಡ ಜಿಲ್ಲೆಯವರು 2020ರವರೆಗೆ ಕಾಯಬೇಕಾಯಿತು. ಹಾಗಾಗಿ ಅಣ್ಣನ ಹಳೇ ಜಾತಿ ಪ್ರಮಾಣಪತ್ರ ತೋರಿಸಿದರೆ ನಡೆಯದು, ಇವಳದೇ ಹೊಸ ಆರ್‌ಡಿ ನಂಬರ್ (ಪ್ರಮಾಣಪತ್ರದ ಮೇಲಿನ ಸಂಖ್ಯೆ) ಬೇಕು. ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅದನ್ನು ಹಾಕಿದಾಗ ಹೆಸರು ಆಧಾರ್‌ಗೆ ತಾಳೆಯಾಗಬೇಕು. ಒಂದರಲ್ಲಿ ಇನಿಶಿಯಲ್ ಇದ್ದು ಇನ್ನೊಂದರಲ್ಲಿ ಅಪ್ಪನ ಪೂರ್ತಿ ಹೆಸರಿದ್ದರೆ ಅಲ್ಲೇ ಗಂಟು. ಎಲ್ಲ ಸರಿಯಾಗಿ ಮಂಜೂರಾದರೂ ಖಾತೆಗೆ ಆಧಾರ್ ಸೀಡ್ ಆಗಿರದಿದ್ದರೆ, ಅಂದರೆ ಸರ್ಕಾರದ ದುಡ್ಡು ಈ ಖಾತೆಗೇ ಎಂದು ಜೋಡಿಸಿರದಿದ್ದರೆ, ದುಡ್ಡು ಬರೋದಿಲ್ಲ. ಬ್ಯಾಂಕಿನವರು "ಲಿಂಕ್ ಆಗೇತ್ರಿ" ಅಂದರೆ ನಂಬಿಕೊಂಡು ಬರಬಾರದು; ಎನ್‌ಪಿಸಿಐ (ಬ್ಯಾಂಕುಗಳ ನಡುವೆ ಹಣ ಸಾಗಿಸುವ ಸಂಸ್ಥೆ) ಮ್ಯಾಪಿಂಗ್ ಯಾವ ಬ್ಯಾಂಕಿಗಿದೆ ಎಂದು ಕೇಳಬೇಕು. ಕೊನೆಗೆ ಎಲ್ಲಿ ಸೀಡ್ ಮಾಡಿಸಿದ್ದೀರೋ ಹಣ ಅಲ್ಲಿಗೇ ಹೋಗುವುದು. ಊರಲ್ಲಿ ಎಂದೋ ತೆರೆದು ಮರೆತ ಖಾತೆಗೆ ಸ್ಕಾಲರ್‌ಶಿಪ್ ಬಿದ್ದಿರುತ್ತದೆ, ಹುಡುಗಿ ಇಲ್ಲಿ ಆಫೀಸಿಗೆ ಅಲೆಯುತ್ತಿರುತ್ತಾಳೆ.

ಇಷ್ಟನ್ನು ಹೇಳಿಕೊಡಲು ಫೈನಲ್ ಇಯರ್‌ನ ಒಬ್ಬ ಅಕ್ಕ ಸಾಕು, ಅರ್ಧ ತಾಸಿನ ಕೆಲಸ. ಆ ಅಕ್ಕನಿಗೆ ತಿಂಗಳಿಗಿಷ್ಟು ಎಂದು ಕೊಟ್ಟು, ಇದೇ ನಿನ್ನ ಜವಾಬ್ದಾರಿ ಎನ್ನುವ ಕಾಲೇಜು ಎಲ್ಲಿದೆ ತೋರಿಸಿ. ನಮ್ಮವರ ಲೆಕ್ಕ ಅಡ್ಮಿಶನ್ ರಜಿಸ್ಟರಿಗೇ ಮುಗಿಯುತ್ತದೆ. ಎಸ್‌ಟಿ ಮೀಸಲಾತಿ 2022ರಲ್ಲಿ 3ರಿಂದ 7 ಪರ್ಸೆಂಟಿಗೆ ಏರಿತು, ಒಳ್ಳೆಯದೇ. ಬಂದವರಲ್ಲಿ ಎಷ್ಟು ಜನ ಆರನೇ ಸೆಮಿಸ್ಟರ್ ಮುಟ್ಟಿದರು ಎಂದು ಕೇಳಿದರೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಒಂದು ಮಾತು ಮಾತ್ರ ಒಪ್ಪಲೇಬೇಕು. ಸರ್ಕಾರಿ ಹಾಸ್ಟೆಲಿನಲ್ಲಿ ಸೀಟು ಸಿಕ್ಕರೆ ಇಲ್ಲಿ ಊಟ-ವಸತಿಗೆ ಖರ್ಚಿಲ್ಲ. ನ್ಯೂಜಿಲೆಂಡ್‌ನಲ್ಲಿ ಬಹಳ ಮಂದಿ ಸಾಲದ ಮೇಲೇ ಓದುವುದು. ದೇಶದಲ್ಲೇ ಇದ್ದರೆ ಬಡ್ಡಿ ಇಲ್ಲ ನಿಜ, ಆದರೆ ಕೆಲಸಕ್ಕೆ ಸೇರಿ ಗಳಿಕೆ ಮಿತಿ ದಾಟಿತೆಂದರೆ ಮೇಲಿನ ಪ್ರತಿ ಡಾಲರಿನಲ್ಲೂ 12 ಸೆಂಟ್ ಮುರಿದುಕೊಳ್ಳುತ್ತಾರೆ.